ತಂಗಿಗೆ ತೋರಿಸದ ರಿಪೋರ್ಟು

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಮಗಳು ಹುಟ್ಟಿದಳು. ಹದಿನೈದು ದಿನಕ್ಕೆ ನನ್ನ ಎಡಗಾಲು ಊದಿಕೊಂಡಿತು. ಬಾಣಂತಿ ನಂಜು ಎಂದು ಅಮ್ಮ ಬಿಸಿನೀರು ಹುಯ್ದದ್ದೇ ಹುಯ್ದದ್ದು. ಕೊನೆಗೆ ಗಂಡ ಆಟೋ ತಂದು ಆಸ್ಪತ್ರೆಗೆ ಸೇರಿಸಿದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು.

ಕೆಲವು ತಿಂಗಳ ಮೇಲೆ, ಹೊರಗೆ ಕಳಿಸಿದ್ದ ಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರು ಹೇಳಿದರು: “ರಕ್ತ ಹೆಪ್ಪುಗಟ್ಟೋದು ತಪ್ಪಲ್ಲಮ್ಮ. ಕೆಲಸ ಮುಗಿದ್ಮೇಲೆ ಅದನ್ನ ಕರಗಿಸೋ ಏರ್ಪಾಡೂ ಮೈಯಲ್ಲೇ ಇರುತ್ತೆ. ಆ ಕರಗಿಸೋದನ್ನ ತಡೆಯೋ ವಸ್ತು ನಿಮ್ಮಲ್ಲಿ ಜಾಸ್ತಿ. ಜೀನ್‌ನಿಂದ ಬಂದಿರೋದು. ಇದ್ದೋರಿಗೆಲ್ಲ ಕಾಯಿಲೆ ಆಗಲ್ಲ. ಆದ್ರೂ ಒಡಹುಟ್ಟಿದವರಿಗೆ ಹೇಳಿ. ಹಾರ್ಮೋನ್ ಮಾತ್ರೆ, ಬಸಿರು, ಇವೆರಡ್ರಲ್ಲಿ ಹುಷಾರಾಗಿರ್ಬೇಕು.”

ನನಗಿದ್ದವಳು ಒಬ್ಬಳೇ ತಂಗಿ. ಇಂದಿರಾನಗರದಲ್ಲಿ ಸ್ವಂತ ಮನೆಯಿದ್ದ ಗಂಡಿನ ಜೊತೆ ಅವಳ ಮದುವೆ ಆಗಷ್ಟೇ ಗೊತ್ತಾಗಿತ್ತು. ಗರುಡಾಚಾರ್‌ಪಾಳ್ಯದ ತವರಿನಲ್ಲಿ ಅಮ್ಮ ರಿಪೋರ್ಟನ್ನು ಬೀರುವಿನ ಸೀರೆಗಳಡಿ ತುರುಕಿ, ನನ್ನ ಕೈಯನ್ನು ಮಗಳ ತಲೆಯ ಮೇಲೆ ಒತ್ತಿದಳು.

“ತಂಗಿಗೂ ಹೇಳ್ಬೇಡ, ಅವಳ ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ರಕ್ತಾನೇ ಸರಿಯಿಲ್ಲ ಅಂದ್ರೆ ಯಾರು ಮಾಡ್ಕೊತಾರೆ? ಆಣೆ ಮಾಡು.”

ಮಾಡಿದೆ. ಆ ಮಗುವಿನಲ್ಲೂ ಅದೇ ರಕ್ತ ಇರಬಹುದೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಮುಹೂರ್ತ ತಂಗಿಯ ಮುಟ್ಟಿನ ದಿನಕ್ಕೇ ಬಿತ್ತು. ಇದಕ್ಕೆ ನಮ್ಮ ಕಡೆ ಸಿದ್ಧ ಉಪಾಯವಿದೆ. ಚಿಕ್ಕಮ್ಮ ಶಿವಾಜಿನಗರದಿಂದ ಮುಟ್ಟು ಮುಂದೂಡುವ ಮಾತ್ರೆ ತಂದು, ಪೊಟ್ಟಣ ಕಟ್ಟಿ ತಂಗಿಯ ಕೈಗಿಟ್ಟಳು. ಡಾಕ್ಟರು ಎಚ್ಚರಿಸಿದ್ದ ಹಾರ್ಮೋನ್ ಜಾತಿಯದೇ. ಅಮ್ಮನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹೇಳಿದೆ.

“ನಾಲ್ಕು ದಿನಕ್ಕೆ ಏನೂ ಆಗಲ್ಲ. ಬಾಯಿ ಮುಚ್ಕೊಂಡಿರು,” ಎಂದಳು.

ಹೇಳಿದರೆ ಮಗಳ ತಲೆ, ಹೇಳದಿದ್ದರೆ ತಂಗಿಯ ಜೀವ. ಅತ್ತ ದರಿ ಇತ್ತ ಪುಲಿ. ಪೊಟ್ಟಣದ ಮಾತ್ರೆಗಳನ್ನು ಬಚ್ಚಲಿಗೆ ಸುರಿದು, ಅದೇ ಪೊಟ್ಟಣದಲ್ಲಿ ನನ್ನ ಕ್ಯಾಲ್ಸಿಯಂ ಮಾತ್ರೆ ತುಂಬಿಟ್ಟೆ. ಅವೂ ಬಿಳಿಯವೇ.

ಹಲಸೂರಿನ ಛತ್ರದಲ್ಲಿ, ಧಾರೆಯ ಬೆಳಿಗ್ಗೆ, ತಂಗಿ ಮುಟ್ಟಾದಳು. ಬಟ್ಟೆಗೆಂದು ನನ್ನ ಚೀಲ ಹುಡುಕಿದವಳಿಗೆ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಸಿಕ್ಕಿತು. ಒಂದನ್ನು ಅಂಗೈಗೆ ಸುರಿದುಕೊಂಡು ನೋಡಿದಳು; ಅವಳು ದಿನವೂ ನುಂಗಿದ್ದು ಅದನ್ನೇ.

“ನನ್ನ ಮೇಲೆ ಇಷ್ಟು ಹೊಟ್ಟೆಕಿಚ್ಚಾ ಅಕ್ಕ?”

ಅಮ್ಮ ಪಕ್ಕದಲ್ಲೇ ಅವಳ ಜಡೆಗೆ ಹೂ ಮುಡಿಸುತ್ತಿದ್ದಳು. ಒಮ್ಮೆ ನನ್ನ ಮುಖ ನೋಡಿ, ಮತ್ತೆ ಹೂವಿಗೆ ಕೈಹಾಕಿದಳು.

ಧಾರೆ ನಿಲ್ಲಲಿಲ್ಲ. ಆದರೆ ವಿಷಯ ತಂಗಿಯ ಅತ್ತೆಯ ಕಿವಿಗೆ ಬಿತ್ತು. ಮೈಲಿಗೆ ಹೊತ್ತು ಹೊಸಿಲು ತುಳಿದವಳು ಎಂಬ ಮಾತನ್ನು ತಂಗಿ ವರ್ಷಗಟ್ಟಲೆ ಕೇಳಿದಳು, ನನ್ನೊಡನೆ ಮಾತು ಬಿಟ್ಟಳು. ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ನಾನು ಆ ಆಣೆಯನ್ನು ನುಂಗಲೂ ಆರದೆ ಉಗುಳಲೂ ಆರದೆ ನಾಲ್ಕು ವರ್ಷ ಕಳೆದೆ.

ತಂಗಿ ಬಸುರಿ ಎಂದು ಚಿಕ್ಕಮ್ಮನಿಂದ ತಿಳಿಯಿತು. ಅಮ್ಮ ಆಗಲೇ ಅವಳ ಆರೈಕೆಗೆ ಹೋಗಿದ್ದಳು. ಆಸ್ಪತ್ರೆಯಿಂದ ರಿಪೋರ್ಟಿನ ನಕಲು ತೆಗೆಸಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಗಳನ್ನು ನೆನೆದು ಹೆದರಿದೆ.

ತಂಗಿ ಬಾಗಿಲಿನ ಗ್ರಿಲ್ಲಿನ ಬೀಗ ತೆಗೆಯಲಿಲ್ಲ. ಸರಳುಗಳ ನಡುವೆ ಕಾಗದ ತೂರಿಸಿ ಎಲ್ಲ ಹೇಳಿದೆ, ನಾಳೆಯೇ ಡಾಕ್ಟರಿಗೆ ತೋರಿಸು ಎಂದೆ. ಅವಳು ಓದಿ, ಮದುವೆಗೂ ಮುಂಚಿನ ಆ ತಾರೀಖಿನ ಮೇಲೆ ಬೆರಳಿಟ್ಟಳು.

“ಅಮ್ಮಂಗೆ ಗೊತ್ತಿತ್ತಾ?”

“ಹೂಂ.”

“ನೀನು ಮಾತ್ರೆ ಯಾಕೆ ಬದಲಾಯಿಸ್ದೆ ಅಂತಾನೂ?”

“ಅದೂ ಗೊತ್ತಿತ್ತು.”

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಂಗಿ ಬೀಗ ತೆಗೆದಳು. ಅಮ್ಮ ಹೊರಗೆ ಬರಲಿಲ್ಲ.