ಚಂದ್ರಿಕೆ ಕೋಣೆಯಿಂದ ತಂದ ಸಿಡಿ ಪ್ಲೇಯರ್

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ಮೇಲೆ ನನಗೆ ಉಳಿದದ್ದು ಒಂದೇ ಚಟ, ಸಿಡಿ ಕೇಳುವುದು. ರಾಮನಗರದ ನಮ್ಮ ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್ ಇತ್ತು, ಸೊಂಟದೆತ್ತರದ ಸ್ಪೀಕರುಗಳಿದ್ದವು. ಹಳೆಯ ಸಿಡಿ ಪ್ಲೇಯರ್ ಮಾತ್ರ ಹಾಡಿನ ನಡುವೆ ಎಡವತೊಡಗಿತ್ತು. ಈಗ ಯಾರು ಸಿಡಿ ಹಾಕುತ್ತಾರೆ, ಫೋನಿನಲ್ಲೇ ಎಲ್ಲ ಸಿಗುತ್ತದಲ್ಲ ಎಂದವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ದಿನಾ ಕೇಳುವ ವೀಣಾವಾದನದ ಸಿಡಿ ಒಯ್ದು ಬೆಂಗಳೂರಿನ ಅಂಗಡಿಗಳಲ್ಲಿ ಮೂರು ದುಬಾರಿ ಪ್ಲೇಯರುಗಳನ್ನು ಕೇಳಿದೆ. ಮೂರರಲ್ಲೂ ತಂತಿ ತೊಳೆದಿಟ್ಟಷ್ಟು ಸ್ವಚ್ಛವಾಗಿ ನುಡಿಯಿತು. ನುಡಿಸುವ ಬೆರಳು ಮಾತ್ರ ಎಲ್ಲೂ ಇರಲಿಲ್ಲ.

ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ತೆಗೆಸುವ ರೀಲರ್ ಸಾಹೇಬರೊಬ್ಬರಿದ್ದಾರೆ, ಗಜಲ್ ಹುಚ್ಚಿನವರು. ಸಾತನೂರಿನ ಹತ್ತಿರದ ಒಂದು ಮನೆಯ ವಿಷಯ ಹೇಳಿದ್ದು ಅವರೇ. ಅಲ್ಲಿನ ರೈತರೊಬ್ಬರಿಂದ ವರ್ಷಗಟ್ಟಲೆ ರೇಷ್ಮೆಗೂಡು ಕೊಂಡಿದ್ದರು. ಆ ರೈತರು ತೀರಿಹೋಗಿ ಎಂಟು ತಿಂಗಳಾಗಿತ್ತು. ಹಾಡು ಕೇಳುವುದಕ್ಕೆಂದೇ ಒಂದು ಕೋಣೆ ಮಾಡಿಕೊಂಡಿದ್ದರಂತೆ, ಎರಡು ಒಳ್ಳೆಯ ಪ್ಲೇಯರುಗಳಿವೆಯಂತೆ, ಹೆಂಡತಿ ಒಂದನ್ನು ಕೊಡುತ್ತಾರಂತೆ.

ಒಂದು ಭಾನುವಾರ ಬೆಳಿಗ್ಗೆ ಸಾಹೇಬರ ಕಾರಿನಲ್ಲಿ ಹೋದೆವು. ಮನೆಯ ಹಿಂದೆ ಕೊಟ್ಟಿಗೆ, ಅದರಾಚೆ ಹಿಪ್ಪುನೇರಳೆ ತೋಟ. ರೈತರ ಹೆಂಡತಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಕೋಣೆಯ ಬಾಗಿಲು ತೆರೆದುಕೊಟ್ಟು, ಒಳಗೆ ಕಾಲಿಡದೆ ಅಡುಗೆಮನೆಗೆ ಹೋದರು.

ಗೋಡೆಗಳ ತುಂಬ ಚಂದ್ರಿಕೆಗಳು ತೂಗುತ್ತಿದ್ದವು, ಹುಳುಗಳು ಗೂಡು ಕಟ್ಟುವ ಬಿದಿರಿನ ಆ ದೊಡ್ಡ ತಟ್ಟೆಗಳು. ಸದ್ದು ಗೋಡೆಗೆ ಬಡಿದು ವಾಪಸು ಬರದಿರಲಿ ಎಂದು ಆ ರೈತರು ಮಾಡಿದ್ದ ಉಪಾಯ. ಆಡಿದ ಮಾತು ಬಾಯಿಯ ಹತ್ತಿರವೇ ಇಂಗಿಹೋಗುತ್ತಿತ್ತು. ಕುರ್ಚಿ ಇದ್ದದ್ದು ಒಂದೇ. ಸಾಹೇಬರು ಅದರಲ್ಲಿ ಕೂರಲೊಲ್ಲದೆ ಹೊಸ್ತಿಲ ಬಳಿ ನಿಂತರು. ನಾನು ಕೂತೆ. ಸೀಟು ಇನ್ನೊಬ್ಬರ ಮೈಗೆ ತಗ್ಗಿತ್ತು.

ಅದೇ ವೀಣೆಯ ಸಿಡಿ ಹಾಕಿದೆ. ಮೊದಲ ಪ್ಲೇಯರ್ ಹೊಸದು. ಬೆಂಗಳೂರಿನಲ್ಲಿ ಕೇಳಿದ್ದೇ ಅದರಲ್ಲೂ ಕೇಳಿಸಿತು. ಎರಡನೆಯದು ಹಳೆಯದು, ಕಬ್ಬಿಣದ ಪೆಟ್ಟಿಗೆಯಷ್ಟು ಭಾರ. ಅದರಲ್ಲಿ ವೀಣೆ ಶುರುವಾಗುವ ಮುಂಚೆ ಯಾರೋ ಉಸಿರೆಳೆದುಕೊಂಡರು. ಹತ್ತು ವರ್ಷದಿಂದ ಕೇಳುತ್ತಿದ್ದ ಸಿಡಿ ಅದು. ಆ ಉಸಿರು ಅದರಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಬೆನ್ನ ಹಿಂದೆಯೇ ಎಳೆದಂತಿತ್ತು. ತಿರುಗಿ ನೋಡಿದೆ. ಸಾಹೇಬರೂ ಅತ್ತಲೇ ನೋಡುತ್ತಿದ್ದರು.

ಮೊದಲನೆಯದು ನುಡಿಯುವಾಗ ಆಕೆ ಇತ್ತ ತಲೆ ಹಾಕಿರಲಿಲ್ಲ. ಈಗ ಕಾಫಿ ತಂದರು, ಮೂರು ಲೋಟ. ನಮ್ಮಿಬ್ಬರಿಗೆ ಕೊಟ್ಟು, ಮೂರನೆಯದನ್ನು ಕುರ್ಚಿಯ ಪಕ್ಕದ ಕಿಟಕಿಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಹೋಗಿ ನಿಂತುಬಿಟ್ಟರು.

"ಇದೊಂದು ಯಾಕ್ ತಂದೆ ನಾನು," ಎಂದರು, ತಮಗೆ ತಾವೇ.

ಆ ಲೋಟವನ್ನು ಯಾರೂ ಮುಟ್ಟಲಿಲ್ಲ. ನಾನು ಹೊಸದನ್ನೇ ಒಯ್ಯುತ್ತೇನೆ ಎಂದೆ. ಆಕೆ ಒಪ್ಪಲಿಲ್ಲ.

"ಈ ಹಳೇದನ್ನೇ ತಕಂಡೋಗಿ ಅಕ್ಕಾ. ಇದು ಹಾಡ್ತಾ ಇದ್ರೆ ಅವ್ರು ಒಳಗೇ ಕುಂತವ್ರೆ ಅನ್ಕಂಬುಡ್ತೀನಿ."

ತಂದು ಜೋಡಿಸಿದೆವು. ಇಂಥ ಪ್ಲೇಯರ್ ನನಗೆ ಮತ್ತೆ ಸಿಗುವುದಿಲ್ಲ ಎಂಬುದು ಒಂದು ವಾರದಲ್ಲೇ ತಿಳಿಯಿತು. ಆದರೆ ಹಗಲು ಹೊತ್ತು, ಕಿಟಕಿಯೆಲ್ಲ ತೆರೆದಿರುವಾಗಲೂ, ಆ ಉಸಿರು ಬಂದರೆ ಕತ್ತು ತಾನಾಗಿ ತಿರುಗುತ್ತಿತ್ತು. ಸ್ಪೀಕರುಗಳ ಎದುರು ನಟ್ಟನಡುವೆ ಕೂತರೇ ಚೆನ್ನಾಗಿ ಕೇಳುವುದು. ಅಷ್ಟು ಗೊತ್ತಿದ್ದೂ ನಾನು ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡೆ. ಯಾರಿಗೆ ಜಾಗ ಬಿಟ್ಟಿರಿ ಎಂದರೆ ಹೇಳಲಾರೆ.

ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆಕೆಯ ಫೋನ್ ಬಂತು. ಪ್ಲೇಯರ್ ಹೇಗಿದೆ ಎಂದು ವಿಚಾರಿಸಿದರು. ಹಾಡು ಕೇಳಿಸಲೇ ಎಂದೆ.

"ಹಾಡು ಬ್ಯಾಡಿ. ಸೀಡಿ ಇಡೋ ತಟ್ಟೆ ಆಚೆ ಬತ್ತದಲ್ಲ, ಆ ಸದ್ದು ಒಂದ್ಸಲ ಕೇಳುಸ್ತೀರಾ?"

ಗಂಡ ಏನು ಹಾಡು ಕೇಳುತ್ತಿದ್ದರೆಂದು ಆಕೆ ಗಮನಿಸಿದ್ದೇ ಇಲ್ಲವಂತೆ. ಅಡುಗೆಮನೆಗೆ ಆ ಸದ್ದು ಕೇಳಿದರೆ, ಇನ್ನು ಎದ್ದು ಊಟಕ್ಕೆ ಬರುತ್ತಾರೆ ಎಂದು ಮುದ್ದೆ ಕಟ್ಟುತ್ತಿದ್ದರಂತೆ.

ಫೋನನ್ನು ಪ್ಲೇಯರಿನ ಹತ್ತಿರ ಹಿಡಿದು ಗುಂಡಿ ಒತ್ತಿದೆ. ಸಣ್ಣಗೆ ಗುಂಯ್‌ಗುಟ್ಟುತ್ತ ತಟ್ಟೆ ಆಚೆ ಬಂತು. ಒಳಗೆ ಕಳಿಸಿ ಮತ್ತೆ ಒತ್ತಿದೆ. ಆ ಕಡೆ ಒಂದು ಹಸು ಅಂಬಾ ಎಂದಿತು.

"ಸಾಕು ಬುಡಿ," ಎಂದರು ಕೊನೆಗೆ.

ವಾಪಸು ತಂದುಕೊಡಲೇ ಎಂದು ಕೇಳಿದೆ. ಬೇಡವೆಂದರು. ಆ ಕೋಣೆಯಲ್ಲಿ ಈಗ ಹಿಂಡಿ, ಬೂಸಾ ಮೂಟೆ ಹಾಕಿದ್ದಾರಂತೆ. ಮತ್ತೆ ಅವರು ಫೋನ್ ಮಾಡಲಿಲ್ಲ.

ಈಗಲೂ ದಿನಾ ಕೇಳುತ್ತೇನೆ. ಸಿಡಿ ಮುಗಿದು ತಿರುಗುವುದು ನಿಂತ ಮೇಲೆ ತಟ್ಟೆ ಆಚೆ ತರುವ ಗುಂಡಿಯ ಮೇಲೆ ಬೆರಳಿಟ್ಟವಳು ತಕ್ಷಣ ಒತ್ತುವುದಿಲ್ಲ. ಒತ್ತಿದರೆ ಯಾರೋ ಎದ್ದು ಹೋಗುತ್ತಾರೆ ಅನಿಸುತ್ತದೆ. ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಒತ್ತುತ್ತೇನೆ.