ಇನ್ನೊಬ್ಬರ ನೋವಿಗೆ ‘ನನಗೆ’ ಅನ್ನುವ ಪರೀಕ್ಷೆ

ಪುಣೆಯ ಕಾತ್ರಜ್‌ನಿಂದ ಸ್ವಾರಗೇಟಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸುಮಂಗಲಾ ಒಬ್ಬ ರೋಗಿಯನ್ನು ಬೈದಳು. ರೋಗಿ ಬಸ್ಸಿನಲ್ಲಿರಲಿಲ್ಲ, ಆಕೆಯ ಇಯರ್‌ಫೋನಿನಲ್ಲಿದ್ದ. ಯಾವ ದೇಶದವನೋ, ಗಂಟಲಲ್ಲಿ ಕಫ ಕಟ್ಟಿದಂಥ ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳುತ್ತಿದ್ದ: ಭಾನುವಾರದಿಂದ ಎದೆ ನೋಯುತ್ತಿದೆ, ಮನೆಗೆ ನೆಂಟರು ಬಂದಿದ್ದರು, ಅವರು ಹೋಗಲಿ ಎಂದು ಕಾದೆ.

“ನೆಂಟರು ಹೋಗಲಿ ಅಂತ ಕುಂತಿದ್ದೇನಪಾ? ಅವರಕಿಂತ ಮೊದಲ ನೀನ ಹೋಗಿದ್ರ?” ಎಂದಳು ಸುಮಂಗಲಾ, ಗಟ್ಟಿಯಾಗಿ, ಕನ್ನಡದಲ್ಲಿ.

ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ಸುಮಂಗಲಾ ಹೌದೆಂದಳು. ಭಾಳ ಹಟಮಾರಿ ಮನುಷ್ಯ ಎಂದೂ ಸೇರಿಸಿದಳು. ಅಷ್ಟರಲ್ಲಿ ರೆಕಾರ್ಡಿಂಗಿನ ಡಾಕ್ಟರು ಎರಡು ಪ್ರಶ್ನೆ ಕೇಳಿ ಮುಗಿಸಿದ್ದರು. ಎರಡೂ ಆಕೆಗೆ ತಪ್ಪಿಹೋದವು.

ಇಂಗ್ಲಿಷ್ ಅರ್ಥವಾಗದಿರುವುದು ಸುಮಂಗಲಾಳ ಕಷ್ಟವಾಗಿರಲಿಲ್ಲ. ಅರ್ಥವಾದ ಮೇಲೆ ಸುಮ್ಮನಿರಲು ಆಕೆಗೆ ಬರುತ್ತಿರಲಿಲ್ಲ.

ಆಕೆ ಸ್ವಾರಗೇಟ್ ಬಸ್ ನಿಲ್ದಾಣದ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ. ಸುರಪುರ, ಶಹಾಪುರ, ಸೇಡಂ ಕಡೆಯಿಂದ ಬಂದು ಪುಣೆಯ ಕಟ್ಟಡಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರು ಬಿದ್ದರೆ, ಬೇನೆ ಬಂದರೆ ಹೆಚ್ಚಾಗಿ ಅಲ್ಲಿಗೇ ಬರುತ್ತಾರೆ. ಗಂಡಸರಿಗೆ ಒಂದಿಷ್ಟು ಹಿಂದಿ ಬರುತ್ತದೆ. ಹೆಂಗಸರಿಗೆ, ಮುದುಕರಿಗೆ ಕನ್ನಡವೊಂದೇ. ಆಗ ಡಾಕ್ಟರು, ಆ ಕಾನಡಿ ಮಾವಶಿಯನ್ನು, ಕನ್ನಡದ ಚಿಕ್ಕಮ್ಮನನ್ನು, ಕರೆಯಿರಿ ಅನ್ನುತ್ತಾರೆ. ಸುಮಂಗಲಾ ಒರೆಸುವ ಕೋಲನ್ನು ಗೋಡೆಗೆ ಆನಿಸಿ, ಕೈ ತೊಳೆದು ಹೋಗುತ್ತಾಳೆ. ಡಾಕ್ಟರು ಒಂದು ಮಾತು ಹೇಳಿದರೆ ಆಕೆ ಐದು ಹೇಳುತ್ತಾಳೆ. ರೋಗಿ ಊರಿನ ಹೊಲದಿಂದ ಶುರುಮಾಡಿ ಹೊಟ್ಟೆನೋವಿಗೆ ಬಂದು ಮುಟ್ಟುವ ಹೊತ್ತಿಗೆ ಆಕೆ ಡಾಕ್ಟರಿಗೆ ಒಂದೇ ಮಾತು ಹೇಳಿರುತ್ತಾಳೆ: ಗ್ಯಾಸ್. ಕೆಲವು ಸಲ ಅದು ಗ್ಯಾಸ್ ಆಗಿರುತ್ತಿರಲಿಲ್ಲ. ಆದರೂ ಇಬ್ಬರೂ ತಮ್ಮ ಮಾತು ಆಚೆಗೆ ತಲುಪಿತೆಂಬ ಸಮಾಧಾನದಲ್ಲೇ ಏಳುತ್ತಿದ್ದರು.

ಕಳೆದ ವರ್ಷ ಆಸ್ಪತ್ರೆ ಗುಣಮಟ್ಟದ ಸರ್ಟಿಫಿಕೇಟಿಗೆ ಅರ್ಜಿ ಹಾಕಿತು. ಪರಿಶೀಲನೆಗೆ ಬಂದವರು, ರೋಗಿಗಳ ಭಾಷೆ ಗೊತ್ತಿರುವ ಅಧಿಕೃತ ದುಭಾಷಿ ಇದ್ದಾರೆಯೇ ಎಂದು ಕೇಳಿದರು. ಇರಲಿಲ್ಲ. ಹೊರರೋಗಿಗಳ ವಿಭಾಗದಲ್ಲಿ ಒಂದು ಮೇಜು, ಒಂದು ಕುರ್ಚಿ, ಮೇಲೊಂದು ಫಲಕ ಇಡುವುದೆಂದು ತೀರ್ಮಾನವಾಯಿತು. ದುಭಾಷಿಯ ಪರೀಕ್ಷೆ ಪಾಸಾದರೆ ಆ ಕುರ್ಚಿ ಸುಮಂಗಲಾಳದು; ಕೋಲು, ಬಕೆಟ್ಟು ಬೇರೆಯವರದು. ಪಾಸಾಗದಿದ್ದರೆ ಫೋನಿನಲ್ಲಿ ಭಾಷಾಂತರ ಮಾಡಿಕೊಡುವ ಒಂದು ಕಂಪನಿಯನ್ನು ಗೊತ್ತುಮಾಡಲಾಗುವುದು, ಆಕೆ ಇನ್ನು ರೋಗಿಯ ಪರವಾಗಿ ಬಾಯಿ ತೆರೆಯುವಂತಿಲ್ಲ.

ಪರೀಕ್ಷೆ ಕನ್ನಡ–ಇಂಗ್ಲಿಷಿನದು. ನಡೆಸುವ ಸಂಸ್ಥೆಯಲ್ಲಿ ಕನ್ನಡ–ಮರಾಠಿಯ ಪ್ರಶ್ನೆಪತ್ರಿಕೆ ಇರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಯಾವ ಡಾಕ್ಟರೂ ರೋಗಿಯ ಹತ್ತಿರ ಇಂಗ್ಲಿಷ್ ಆಡುವುದಿಲ್ಲವಲ್ಲ ಎಂದು ಸುಮಂಗಲಾ ಆಡಳಿತಾಧಿಕಾರಿಯನ್ನು ಕೇಳಿದಳು. ಇಂಗ್ಲಿಷಿನಲ್ಲಿ ಪಾಸಾದರೆ ಮರಾಠಿಯಲ್ಲೂ ಪಾಸಾದ ಹಾಗೇ ಎಂದು ಅವರು ಮರಾಠಿಯಲ್ಲಿ ಹೇಳಿದರು.

ಮುನ್ಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಓದಿದ ಆಕೆಗೆ ಇಂಗ್ಲಿಷ್ ಬಂದದ್ದು ವಾರ್ಡಿನಲ್ಲಿ. ರೋಗಿಗೆ ಗೊತ್ತಾಗಬಾರದ ಸಂಗತಿಯನ್ನು ಡಾಕ್ಟರುಗಳು ಮಂಚದ ಪಕ್ಕದಲ್ಲೇ ನಿಂತು ಇಂಗ್ಲಿಷಿನಲ್ಲಿ ಆಡಿಕೊಳ್ಳುತ್ತಾರೆ. ಆಯಾ ಅಲ್ಲೇ ಇದ್ದಾಳೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಹೀಗಾಗಿ ಇಂಗ್ಲಿಷಿನಲ್ಲಿ ಒಂದು ಕಿಲೋ ಸಕ್ಕರೆ ಕೇಳಲು ಆಕೆಗೆ ಇವತ್ತಿಗೂ ನಾಲಿಗೆ ತಿರುಗದು. ಯಾರು ಉಳಿಯುವುದಿಲ್ಲ ಎಂಬುದು ಮಾತ್ರ ಯಾವ ಉಚ್ಚಾರದಲ್ಲಿ ಹೇಳಿದರೂ ತಿಳಿಯುತ್ತದೆ.

ಅಭ್ಯಾಸ ಮಾಡಿಸಲು ತನುಶ್ರೀ ಸಿಕ್ಕಳು. ಬಸ್ ನಿಲ್ದಾಣದ ಹಿಂದೆ ಹೋಟೆಲು ನಡೆಸುವ ಕುಂದಾಪುರ ಕಡೆಯ ಮೋಹನದಾಸರ ಮಗಳು, ಇಂಗ್ಲಿಷ್ ಎಂ.ಎ. ವಾರ್ಡಿನ ರೋಗಿಗಳಿಗೆ ಗಂಜಿ ಹೋಗುವುದು ಅಲ್ಲಿಂದಲೇ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಕೈತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ ಪಾಠ. ತನುಶ್ರೀ ಲ್ಯಾಪ್‌ಟಾಪಿನಲ್ಲಿ ಒಂದು ವಾಕ್ಯ ಕೇಳಿಸುತ್ತಾಳೆ, ನಿಲ್ಲಿಸುತ್ತಾಳೆ. ಸುಮಂಗಲಾ ಅದನ್ನು ಕನ್ನಡದಲ್ಲಿ ಹೇಳಬೇಕು. ಪರೀಕ್ಷೆಯೂ ಅಷ್ಟೇ, ಇಂಗ್ಲಿಷಿನಿಂದ ಕನ್ನಡಕ್ಕೆ ಮಾತ್ರ. ನಿಯಮಗಳನ್ನು ತನುಶ್ರೀ ಮೊದಲ ದಿನವೇ ವಿವರಿಸಿದ್ದಳು. ವಾಕ್ಯ ಒಂದೇ ಸಲ ಕೇಳಿಸುತ್ತದೆ. ಏನನ್ನೂ ಸೇರಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಒಂದು ಇಡೀ ವಾಕ್ಯ ತಪ್ಪಿದರೆ ಆಲಿಸುವ ಭಾಗವೇ ಫೇಲು.

ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನ ಡಾಕ್ಟರು, ಇದು ದೊಡ್ಡ ಶಸ್ತ್ರಚಿಕಿತ್ಸೆ, ರಕ್ತಸ್ರಾವ ಆಗುವ ಸಂಭವವಿದೆ ಎಂದರು.

“ಆಪರೇಷನ್ ದೊಡ್ಡದು ಅದರಿ. ರಕ್ತ ಹೋಗಬಹುದು. ಹೆದರಬ್ಯಾಡ್ರಿ, ಡಾಕ್ಟರು ಭಾಳ ಚಲೋ ಅದಾರ,” ಎಂದಳು ಸುಮಂಗಲಾ.

“ಡಾಕ್ಟರು ಒಳ್ಳೆಯವರು ಅಂತ ಎಲ್ಲಿ ಉಂಟು ಸುಮಕ್ಕ?”

“ಎಲ್ಲೂ ಇಲ್ಲ. ಅಂದ್ರೂ ಅಷ್ಟರ ಹೇಳಬೇಕಲ್ಲವಾ. ಇಲ್ಲಂದ್ರ ಹೆಂಗ ಸಹಿ ಮಾಡ್ತಾರ ಅವರು?”

“ಇದರಲ್ಲಿ ಯಾರೂ ಸಹಿ ಮಾಡೋದಿಲ್ಲ. ಇದು ರೆಕಾರ್ಡಿಂಗ್.”

ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮೋಹನದಾಸರು ಪೇಪರಿನಿಂದ ತಲೆ ಎತ್ತದೆ, “ಗಿರಾಕಿ ಕೇಳಿದ್ದು ಒಂದು ಪ್ಲೇಟ್ ಇಡ್ಲಿ. ಇವರು ಬಡಿಸುವುದು ಪೂರ್ತಿ ಊಟ,” ಎಂದರು.

“ನಿಮ್ಮ ಹೋಟೆಲಿನ್ಯಾಗ ಹಂಗ ಯಾರೂ ಬಡಿಸಂಗಿಲ್ಲ ಬಿಡ್ರಿ,” ಎಂದಳು ಸುಮಂಗಲಾ.

ಧೈರ್ಯ ಹೇಳುವ ಚಟ ಎರಡು ವಾರದಲ್ಲಿ ಹತೋಟಿಗೆ ಬಂತು. ಹತೋಟಿಗೆ ಬಾರದೆ ಉಳಿದದ್ದು ಬೇರೆ. ರೋಗಿ ‘ನನಗೆ’ ಅಂದರೆ ದುಭಾಷಿಯೂ ‘ನನಗೆ’ ಎಂದೇ ಹೇಳಬೇಕೆಂಬುದು ಈ ಪರೀಕ್ಷೆಯ ಮುಖ್ಯ ನಿಯಮ. ಸುಮಂಗಲಾ ಇಷ್ಟು ವರ್ಷ ‘ಆಕಿಗೆ ಹಿಂಗ ಆಗ್ತದಂತರಿ’ ಎಂದೇ ಹೇಳಿಕೊಂಡು ಬಂದವಳು. ಪರರ ಬೇನೆಯನ್ನು ತನ್ನ ಮೈಮೇಲೆ ಹಾಕಿಕೊಂಡು ಮಾತಾಡುವುದು ಆಕೆ ಬೆಳೆದ ಮನೆಯಲ್ಲಿ ಇರಲಿಲ್ಲ. ಗಾಯ ಎಲ್ಲಿ ಎಂದು ತನ್ನ ಕಾಲು ಮುಟ್ಟಿ ತೋರಿಸಿದರೂ ಕೂಡಲೇ ಬಿಡ್ತು ಅನ್ನಬೇಕು.

“ನನಗ ಎದಿಯೊಳಗ ಗಂಟು ಅದ, ಬಿಡ್ತು,” ಎಂದಳು ಸುಮಂಗಲಾ.

ತನುಶ್ರೀ ರೆಕಾರ್ಡಿಂಗ್ ನಿಲ್ಲಿಸಿದಳು. “ಬಿಡ್ತು ಯಾಕೆ?”

“ನನಗ ಗಂಟಿಲ್ಲಲ್ಲ.”

“ಮಾರಾಯ್ತಿ, ಅವಳಿಗೂ ಇಲ್ಲ. ಸ್ಟುಡಿಯೋದಲ್ಲಿ ಕೂತು ಓದಿದವಳು ಅವಳು.”

“ಅವಳೂ ಬಿಡ್ತು ಅಂದೇ ಇರ್ತಾಳೆ. ಅಷ್ಟನ್ನು ಕಟ್ ಮಾಡಿರ್ತಾರೆ,” ಎಂದರು ಮೋಹನದಾಸರು.

ಅಣಕು ಪರೀಕ್ಷೆಯಲ್ಲಿ ತನುಶ್ರೀ ಪ್ರತಿ ಬಿಡ್ತುವಿಗೂ ಅರ್ಧ ಅಂಕ ಕಳೆದಳು. ಸುಮಂಗಲಾಳ ಇಂಗ್ಲಿಷ್ ಆಲಿಸುವಿಕೆ ಉತ್ತಮವಾಗಿತ್ತು. ಕಳೆದುಹೋದ ಅಂಕಗಳೆಲ್ಲ ಕನ್ನಡದವು.

ಮನೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. ಗಂಡ ಹಣಮಂತ್ರಾಯ ರಾಂಜಣಗಾಂವದ ಕಾರ್ಖಾನೆಯಲ್ಲಿ, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿದ್ದವರು ಇಬ್ಬರು ಮಕ್ಕಳು, ಭಾಗ್ಯಾ ಮತ್ತು ದಿಗಂಬರ, ಮತ್ತೆ ಅತ್ತೆ ಹುಲಿಗೆವ್ವ. ಸೊಸೆ ಸಂಜೆ ರೊಟ್ಟಿ ತಟ್ಟುತ್ತ, ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು, ನನಗ ಕಣ್ಣು ಕಾಣವಲ್ಲವು, ನನಗ ಎಡಗೈ ಬಿದ್ದದ ಎಂದು ಒಂದೊಂದೇ ಹೇಳುವುದನ್ನು ಹುಲಿಗೆವ್ವ ಒಂದು ದಿನ ತಡೆದುಕೊಂಡಳು. ಎರಡನೆಯ ದಿನ ಬಂದು ಇಯರ್‌ಫೋನು ಕಿತ್ತಳು.

“ದೀಪ ಹಚ್ಚೋ ಹೊತ್ತಿನ್ಯಾಗ ಇದೇನವಾ? ಬಿಡ್ತು ಅನ್ನು.”

“ಅನ್ನಬಾರದು ಅತ್ತಿ. ಅಂದ್ರ ಮಾರ್ಕ್ಸ್ ಹೋಗ್ತಾವ.”

“ಅನ್ನಲಿಲ್ಲಂದ್ರ ಕೈ ಹೋಗ್ತದ. ಮಾರ್ಕ್ಸ್ ತಗೊಂಡು ರೊಟ್ಟಿ ಬಡೀತೀಯೇನು?”

“ಮತ್ತೇನು ಮಾಡಲಿ? ಕೆಲಸದ ಪ್ರಶ್ನಾ ಅದ ಇದು.”

ಹುಲಿಗೆವ್ವ ಸ್ವಲ್ಪ ಯೋಚಿಸಿದಳು. ಮೂರ್ಖಳಲ್ಲ, ಕುರ್ಚಿಯ ಕೆಲಸವೆಂದರೆ ಏನೆಂದು ಆಕೆಗೆ ಗೊತ್ತು. ಕಟ್ಟಡದ ಮೇಲೆ ಸಿಮೆಂಟು ಹೊತ್ತೇ ಸೊಂಟ ಕಳಕೊಂಡವಳು. “ಹಂಗಾರ ನೀ ಅನ್ನು. ಬಿಡ್ತು ನಾ ಅಂತೀನಿ,” ಎಂದಳು.

ಅಂದಿನಿಂದ ಆ ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಸುಮಂಗಲಾ ರೋಗ ಹೇಳುವಳು, ಹುಲಿಗೆವ್ವ ಒಳಕಲ್ಲಿನ ಪಕ್ಕದಿಂದ ಬಿಡ್ತು ಅನ್ನುವಳು. ಸುಮಂಗಲಾಳ ನಾಲಿಗೆ ಶುದ್ಧವಾಯಿತು. ಒಂದೂ ಅಧಿಕ ಮಾತಿಲ್ಲ. ಹೋಟೆಲಿನಲ್ಲಿ ಮಾತ್ರ ಮೊದಮೊದಲು ಪ್ರತಿ ವಾಕ್ಯದ ಕೊನೆಗೆ ಆಕೆ ಒಂದು ಕ್ಷಣ ತಡೆಯುತ್ತಿದ್ದಳು, ಯಾರಾದರೂ ಏನಾದರೂ ಅನ್ನಲಿ ಎಂಬ ಹಾಗೆ. ಮೂರನೆಯ ಸಲ ಹಾಗಾದಾಗ ಮೋಹನದಾಸರು ಪೇಪರಿನ ಹಿಂದಿನಿಂದ, “ಬಿಡ್ತು,” ಎಂದರು. ಮುಂದೆ ಅದೂ ರೂಢಿಯಾಯಿತು. ಗಲ್ಲಾದಲ್ಲಿ ಚಿಲ್ಲರೆ ಕೊಡುತ್ತಿರುವಾಗಲೂ ಅವರು ತಪ್ಪಿಸುತ್ತಿರಲಿಲ್ಲ. ಒಮ್ಮೆ ಬಿಲ್ ಕೊಡಲು ನಿಂತ ಗಿರಾಕಿಯೊಬ್ಬ ತನಗೇ ಹೇಳಿದರೆಂದು ತಿಳಿದು ಹತ್ತು ರೂಪಾಯಿ ಬಿಟ್ಟು ಹೋದ.

“ಈಗ ನೀವು ಪಾಸ್. ಅಪ್ಪನನ್ನು ಪರೀಕ್ಷೆಗೆ ಕರ್ಕೊಂಡು ಹೋಗಲಿಕ್ಕೆ ಆಗೋದಿಲ್ಲ, ಅಷ್ಟೇ,” ಎಂದಳು ತನುಶ್ರೀ.

ಪರೀಕ್ಷೆ ಶಿವಾಜಿನಗರದ ಒಂದು ಸಂಸ್ಥೆಯಲ್ಲಿ, ಶನಿವಾರ. ಹುಲಿಗೆವ್ವ ತಾನೂ ಬರುತ್ತೇನೆಂದು ಹೊಸ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಬೇಡವೆಂದರೆ ಕೇಳಲಿಲ್ಲ. “ಒಳಗ ನೀ ಅನ್ನು, ಹೊರಗ ಕುಂತು ನಾ ಬಿಡಸ್ತೀನಿ,” ಎಂದಳು. ಪರೀಕ್ಷೆಯ ಕೋಣೆಗೆ ದಪ್ಪ ಬಾಗಿಲು. ಗೋಡೆಗೆಲ್ಲ ಸದ್ದು ಹೀರುವ ಮೆತ್ತೆ. ಹೊರಗಿನ ಬೆಂಚಿನ ಮೇಲೆ ಹುಲಿಗೆವ್ವ ಕಾಲು ಮಡಚಿ ಕೂತಳು. ಒಳಗೆ ಸೊಸೆ ಯಾವ ಹೊತ್ತಿಗೆ ಯಾವ ರೋಗ ಹೇಳುತ್ತಾಳೋ ತಿಳಿಯದ್ದರಿಂದ ತನಗೆ ತೋಚಿದಾಗೆಲ್ಲ ಬಿಡ್ತು, ಬಿಡ್ತು ಅಂದಳು. ಪಕ್ಕದಲ್ಲಿ ಕೂತಿದ್ದ ಗುಜರಾತಿ ದುಭಾಷಿ ಅದನ್ನು ಜಪವೆಂದು ತಿಳಿದು ಚಪ್ಪಲಿ ಕಳಚಿದ.

ಒಳಗೆ ಸುಮಂಗಲಾ ಹೆಡ್‌ಫೋನು ಹಾಕಿಕೊಂಡು ಮೈಕಿನ ಮುಂದೆ ಕೂತಿದ್ದಳು. ಮೊದಲನೆಯ ಸಂಭಾಷಣೆ ಸಕ್ಕರೆ ಕಾಯಿಲೆಯದು. ಸಲೀಸಾಗಿ ಹೋಯಿತು. ಎರಡನೆಯದು ಒಬ್ಬ ಗರ್ಭಿಣಿ ಮತ್ತು ನರ್ಸ್ ನಡುವಿನದು. ನರ್ಸ್ ಕನ್ನಡದವಳು, ಗರ್ಭಿಣಿ ಇಂಗ್ಲಿಷಿನವಳು. ಹೀಗೆ ಯಾವ ಆಸ್ಪತ್ರೆಯಲ್ಲೂ ಸುಮಂಗಲಾ ಕಂಡಿರಲಿಲ್ಲ. ಇದು ಎಷ್ಟನೆಯ ಹೆರಿಗೆ ಎಂದು ನರ್ಸ್ ಕೇಳಿದಳು. ಹೆಡ್‌ಫೋನಿನ ಹೆಂಗಸು ಮೆಲ್ಲನೆ, ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಹೇಳಿದಳು: ನನಗೆ ಇಬ್ಬರು ಮಕ್ಕಳಿದ್ದರು. ಇಬ್ಬರೂ ತೀರಿಕೊಂಡರು.

ಒಂದು ಪದವೂ ಕೈತಪ್ಪಲಿಲ್ಲ. ತಿಂಗಳುಗಟ್ಟಲೆ ಬಸ್ಸಿನಲ್ಲಿ, ಒಲೆಯ ಮುಂದೆ, ಕೈತೊಳೆಯುವ ಜಾಗದ ಪಕ್ಕದಲ್ಲಿ ಕೂತು ಕಿವಿ ಪಳಗಿಸಿದ್ದಕ್ಕೆ ಇಂಗ್ಲಿಷ್ ಈಗ ಯಾವ ತಡೆಯೂ ಇಲ್ಲದೆ ನೇರ ಒಳಗೆ ಬಂದು ಕೂತಿತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ಉಳಿದಿರಲಿಲ್ಲ. ಇನ್ನು ನೀನು ಹೇಳು ಎಂಬಂತೆ ಮೈಕಿನ ಕೆಂಪು ದೀಪ ಹತ್ತಿತು.

“ನನಗ ಇಬ್ಬರು ಮಕ್ಕಳಿದ್ರು. ಇಬ್ಬರೂ ತೀರಿಕೊಂಡ್ರು,” ಎಂದಳು ಸುಮಂಗಲಾ. ಅಷ್ಟೇ ಅಂದಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೊರಗೆ ಅತ್ತೆ ಕೂತಿದ್ದಳು, ನಿಜ. ಆದರೆ ಆಕೆ ಸರಿಯಾಗಿ ಈ ಗಳಿಗೆಗೇ ಬಿಡ್ತು ಅಂದಳೋ, ಇಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳೋ, ಈ ದಪ್ಪ ಬಾಗಿಲಿನ ಈಚೆಯಿಂದ ತಿಳಿಯುವುದು ಹೇಗೆ? ಬೇರೆ ರೋಗಗಳಾದರೆ ನಂಬಿಕೆಯ ಮೇಲೆ ಬಿಡಬಹುದಿತ್ತು. ಸುಮಂಗಲಾ ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಬಿಡ್ತು ಅಂದಳು. ಭಾಗ್ಯಾಳ ಹೆಸರಿಗೊಮ್ಮೆ, ದಿಗಂಬರನ ಹೆಸರಿಗೊಮ್ಮೆ. ಮೈಕಿಗೆ ಏನೂ ಕೇಳಿಸಲಿಲ್ಲ. ಮತ್ತೆ ಕೆಂಪು ದೀಪ ಹತ್ತಿದಾಗ ಹೆಡ್‌ಫೋನು ಮೌನವಾಗಿತ್ತು. ಹೆಂಗಸು ಇನ್ನೊಂದು ಮಾತು ಆಡಿ ಮುಗಿಸಿದ್ದಳು. ಅದೇನೆಂದು ಸುಮಂಗಲಾಳಿಗೆ ಗೊತ್ತಾಗಲಿಲ್ಲ. ದೀಪ ಆರುವತನಕ ಆಕೆ ಸುಮ್ಮನೆ ಕೂತಳು.

ಹೊರಗೆ ಬಂದಾಗ ಹುಲಿಗೆವ್ವ ಪೇಪರು ಹೇಗಿತ್ತೆಂದು ಕೇಳಲಿಲ್ಲ.

“ಎಲ್ಲಾ ಬಿಡಿಸೀನಿ,” ಎಂದಳು. “ಒಂದೂ ಉಳಿದಿಲ್ಲ ನೋಡು.”

“ಹೌದತ್ತಿ,” ಎಂದಳು ಸುಮಂಗಲಾ. ತಾನೂ ಅಂದದ್ದನ್ನು ಹೇಳಲಿಲ್ಲ. ಹೇಳಿದ್ದರೆ ಮುದುಕಿಗೆ ತನ್ನ ಮೇಲೆ ನಂಬಿಕೆಯಿಲ್ಲವೆಂದು ಬೇಜಾರಾಗುತ್ತಿತ್ತು.

ಫಲಿತಾಂಶ ಮುಂದಿನ ತಿಂಗಳು ಬಂತು. ತನುಶ್ರೀ ಹೋಟೆಲಿನ ಮೇಜಿನ ಮೇಲಿಟ್ಟು ಅದನ್ನು ಓದಿ ಹೇಳಿದಳು. ಸ್ವಂತ ಮಾತು ಸೇರಿಸಿದ್ದು: ಇಲ್ಲ. ಉತ್ತಮ ಪುರುಷದ ಬಳಕೆ: ನಿರ್ದೋಷ. ಕನ್ನಡ: ಸಹಜ, ಸ್ಪಷ್ಟ. ಆಲಿಸುವಿಕೆ: ಅನುತ್ತೀರ್ಣ. ಕೆಳಗೆ ಪರೀಕ್ಷಕರ ಸಲಹೆ ಇತ್ತು: ಅಭ್ಯರ್ಥಿಯು ಇಂಗ್ಲಿಷ್ ಅರ್ಥಮಾಡಿಕೊಳ್ಳುವುದನ್ನು ಇನ್ನಷ್ಟು ಅಭ್ಯಾಸ ಮಾಡಬೇಕು.

“ಅದೇ ಒಂದು ನಿಮಗೆ ಸರಿಯಾಗಿ ಬರ್ತಿದ್ದದ್ದು,” ಎಂದಳು ತನುಶ್ರೀ. “ಯಾವ ವಾಕ್ಯ ಹೋಯ್ತು?”

“ಕೇಳಿಸಿದ್ರ ಹೇಳತಿದ್ದೆ,” ಎಂದಳು ಸುಮಂಗಲಾ.

ಮೋಹನದಾಸರು ಒಂದು ಚಹಾ ತರಿಸಿ ಆಕೆಯ ಮುಂದೆ ಇಡಿಸಿದರು.

ಮತ್ತೆ ಪರೀಕ್ಷೆ ಇರುವುದು ಜೂನ್‌ನಲ್ಲಿ. ಸುಮಂಗಲಾ ಹೆಸರು ಕೊಟ್ಟಿದ್ದಾಳೆ. ಅಲ್ಲಿಯತನಕ ಆಸ್ಪತ್ರೆ ಫೋನಿನ ಭಾಷಾಂತರ ತೆಗೆದುಕೊಂಡಿದೆ. ಹಾಸಿಗೆ ಹಿಡಿದ ರೋಗಿಗಳು ಫೋನು ಇಟ್ಟ ಮೇಜಿನವರೆಗೆ ಬರಲಾರದ ಕಾರಣ ಫೋನೇ ಅವರ ಹತ್ತಿರ ಹೋಗಬೇಕು. ಸೋಮವಾರದಿಂದ ಅದನ್ನು ಮಂಚದಿಂದ ಮಂಚಕ್ಕೆ ಒಯ್ದು, ಡಾಕ್ಟರು ಮತ್ತು ರೋಗಿಯ ನಡುವೆ ಹಿಡಿದು ನಿಲ್ಲುವ ಕೆಲಸವನ್ನು ಸುಮಂಗಲಾಳಿಗೆ ವಹಿಸಲಾಗಿದೆ.