ಮೈಕಣ್ಣ ವೈರು ಕಿತ್ತ ದಿನ

ಊರಿನಲ್ಲಿ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ಎರಡೂ ಧರ್ಮದವರ ಮೆರವಣಿಗೆಗೆ ಮೈಕು ಬಾಡಿಗೆ ಕೊಡುತ್ತಿದ್ದವನು ಅವನೇ. ಅವರದಕ್ಕಿಂತ ನಮ್ಮದು ಜೋರಾಗಿ ಕೇಳಬೇಕು ಎಂದು ಇಬ್ಬರೂ ಹೇಳುತ್ತಿದ್ದರು. ಇಬ್ಬರಿಗೂ ಹೂಂಗುಟ್ಟಿ, ಒಂದೇ ಅಳತೆಯ ಸ್ಪೀಕರ್ ಕಟ್ಟಿ ಬರುತ್ತಿದ್ದ.

ಆಮೇಲೆ ಒಂದು ರಾತ್ರಿ ದೊಡ್ಡಾಸ್ಪತ್ರೆಯಲ್ಲಿ ಕರೆಂಟು ಹೋಯಿತು. ಜನರೇಟರಿನ ದುಡ್ಡನ್ನು ಯಾರೋ ನುಂಗಿ ನೀರು ಕುಡಿದಿದ್ದರು. ಆಕ್ಸಿಜನ್ ಯಂತ್ರಗಳು ನಿಂತು ವಾರ್ಡಿಗೆ ವಾರ್ಡೇ ಉಸಿರುಗಟ್ಟಿ ಸತ್ತಿತು. ಸತ್ತವರಲ್ಲಿ ಮೈಕಣ್ಣನ ಹೆಂಡತಿಯೂ ಒಬ್ಬಳು. ಸರ್ಕಾರ ತುಟಿ ಪಿಟಕ್ಕೆನ್ನಲಿಲ್ಲ.

ಜನ ಮಂತ್ರಿಯ ಮನೆಯೆದುರಿನ ಚೌಕದಲ್ಲಿ ಕೂತರು. ಕೂತದ್ದಾದರೂ ಹೇಗೆ? ಆ ಧರ್ಮದವರು ಅಂಚೆ ಕಚೇರಿಯ ಕಡೆ, ಈ ಧರ್ಮದವರು ಬ್ಯಾಂಕಿನ ಕಡೆ, ನಡುವೆ ಖಾಲಿ ಜಾಗ. ಎರಡು ವೇದಿಕೆ, ಎರಡು ಮೈಕು. ನಮ್ಮವರೇ ಹೆಚ್ಚು ಸತ್ತರು ಎಂದು ಇಬ್ಬರು ಮುಖಂಡರದೂ ಪೈಪೋಟಿ. ಹೆಣದ ಮೇಲೂ ಹರಾಜು ಕೂಗುವ ಇಂಥವರ ಬಾಯಿಗೆ ಮಣ್ಣು ಬೀಳಬೇಕು.

ಕೇಳಿ ಕೇಳಿ ಮೈಕಣ್ಣನಿಗೆ ರಕ್ತ ಕುದಿಯಿತು. ಎರಡೂ ವೇದಿಕೆಯ ವೈರು ಕಿತ್ತ. ಎಲ್ಲ ಸ್ಪೀಕರನ್ನೂ ಒಂದೇ ಆಂಪ್ಲಿಫೈಯರಿಗೆ ಸಿಕ್ಕಿಸಿ, ಒಂದೇ ಮೈಕನ್ನು ಖಾಲಿ ಜಾಗದ ನಡುವೆ ನಿಲ್ಲಿಸಿದ.

"ಇದು ನನ್ನ ಸಾಮಾನು. ಸತ್ತವರ ಮನೆಯವ್ರು ಮಾತಾಡ್ಲಿ. ಮುಖಂಡರು ಬಾಯ್ಮುಚ್ಕೊಂಡು ಕೂತ್ಕೊಳ್ಲಿ," ಎಂದ.

ಮೊದಲು ಎದ್ದವಳು ಆ ಕಡೆಯ ಒಬ್ಬ ಹೊಲಿಗೆಯಾಕೆ. ಮಗನ ಬಾಯಿಗೆ ಬಾಯಿಟ್ಟು ಊದಿ ಊದಿ ಸೋತದ್ದನ್ನು ಹೇಳಿದಳು. ಆಮೇಲೆ ಈ ಕಡೆಯ ಮುದುಕ, ಅವನ ಹಿಂದೆ ಇನ್ನಾರೋ. ಸಂಜೆಯೊಳಗೆ ನಡುವಿನ ಜಾಗ ಜನರಿಂದ ಮುಚ್ಚಿಹೋಯಿತು. ದೇಶ ದೇಶ ಎಂದು ಇಷ್ಟು ವರ್ಷ ಬೊಬ್ಬೆ ಹೊಡೆದವರಿಗೆ ಕಾಣದ ದೇಶ ಅಂದು ಆ ಮೈಕಿನ ಮುಂದೆ ಸರದಿಯಲ್ಲಿ ನಿಂತಿತ್ತು.

ಆಗ ಇಬ್ಬರು ಮುಖಂಡರೂ ಜೀವಮಾನದಲ್ಲೇ ಮೊದಲ ಸಲ ಒಂದಾದರು. ಮರುದಿನ ಬೆಳಿಗ್ಗೆ ಎರಡೂ ಕಡೆಯ ಪುಂಡರು ಸೇರಿ ಮೈಕಣ್ಣನ ಅಂಗಡಿಯನ್ನು, ರಾತ್ರಿ ಬಿಚ್ಚಿ ತಂದಿಟ್ಟಿದ್ದ ಸಾಮಾನು ಸಮೇತ, ಪುಡಿಪುಡಿ ಮಾಡಿದರು.

ಮೈಕಣ್ಣ ಬರಿಗೈಯಲ್ಲಿ ಚೌಕಕ್ಕೆ ಬಂದ. ಎಲ್ಲರಿಗೂ ಮೈಕು ಹಿಡಿದವನು ತಾನಿನ್ನೂ ಮಾತಾಡಿರಲಿಲ್ಲ.

"ಮೈಕಿಲ್ಲ. ಹಿಂದಿನವ್ರಿಗೆ ಕೇಳ್ಸಲ್ಲ," ಎಂದ.

"ನೀನು ಹೇಳಣ್ಣ," ಎಂದಳು ಹೊಲಿಗೆಯಾಕೆ. "ನಾವು ದಾಟಿಸ್ತೀವಿ."

"ನನ್ನ ಹೆಂಡ್ತಿ ಉಸಿರಿಲ್ದೆ ಸತ್ಲು."

ಮುಂದೆ ಕೂತವರು ಅದನ್ನೇ ಗಟ್ಟಿಯಾಗಿ ಹೇಳಿದರು. ಅವರ ಹಿಂದಿನವರು ಕೇಳಿಸಿಕೊಂಡು ಹೇಳಿದರು. ಮೈಕಣ್ಣನ ಹೆಂಡತಿಯ ಧರ್ಮದ ಹೆಸರೆತ್ತಿದರೆ ಕ್ಯಾಕರಿಸಿ ಉಗುಳುತ್ತಿದ್ದ ಗಂಡಸರು, ಮದುವೆಯಾಗದ ಹುಡುಗಿಯರು, ಕೋಲೂರಿ ನಿಂತ ಅಜ್ಜಿಯರು ಎಲ್ಲರೂ ಮಂತ್ರಿಯ ಗೇಟಿನ ಕಡೆ ತಿರುಗಿ, ನನ್ನ ಹೆಂಡತಿ ಉಸಿರಿಲ್ಲದೆ ಸತ್ತಳು ಎಂದು ಕೂಗಿದರು.